ಎಡಗಡೆಗೆ ಹಿಡಿದ ಹೊಸ ಲೈಟು

ವೀಣಾ, ನೀನು ಕೋಡುಬಳೆ ತಿಂದಿರಲಿಲ್ಲ. ಅದು ನನಗೆ ಗೊತ್ತಿತ್ತು — ನಿನ್ನ ಅಮ್ಮ ನಿನ್ನ ಕೆನ್ನೆಗೆ ಬಾರಿಸುವ ಮೊದಲೇ ಗೊತ್ತಿತ್ತು.

ಎನ್.ಆರ್. ಕಾಲೋನಿಯ ನನ್ನ ಕ್ಲಿನಿಕ್ಕಿಗೆ ನೀನು ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಳ್ಳಲು ಬಂದಾಗ ಎಂಟನೇ ಕ್ಲಾಸು. ಉಬ್ಬುಹಲ್ಲಿ ಎಂದು ಸ್ಕೂಲಿನಲ್ಲಿ ರೇಗಿಸುತ್ತಾರೆಂದು ನೀನೇ ಅಮ್ಮನನ್ನು ಕಾಡಿ ಬೇಡಿ ಕರೆತಂದಿದ್ದೆ. ಒಂದೊಂದು ಹಲ್ಲಿಗೂ ತಂತಿ ಹಿಡಿಯುವ ಪುಟ್ಟ ಬ್ರ್ಯಾಕೆಟ್ ಅಂಟಿಸಿ, ಅಂಟು ಗಟ್ಟಿಯಾಗಲು ನೀಲಿ ಬೆಳಕು ಹಿಡಿಯಬೇಕು. ನನ್ನ ಹಳೇ ಲೈಟಿಗೆ ಬಹಳ ಹೊತ್ತು ಬೇಕಿತ್ತು. ಹೊಸದಾಗಿ ಕೊಂಡದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ ಎಂದು ಮಾರಿದವನ ಮಾತು. ಎರಡನ್ನೂ ಹೋಲಿಸಿ ದಂತವೈದ್ಯರ ಸಭೆಯಲ್ಲಿ ಮಾತಾಡುವ ಹುಚ್ಚು ನನಗೆ. ಅದಕ್ಕೇ ನಿನ್ನ ಬಲಗಡೆಗೆ ಹಳೇದು, ಎಡಗಡೆಗೆ ಹೊಸದು ಹಿಡಿದೆ. ನಿಮ್ಮಿಬ್ಬರನ್ನೂ ಒಂದು ಮಾತು ಕೇಳಲಿಲ್ಲ.

ಆಮೇಲೆ ಕಳಚಿ ಬಿದ್ದ ಬ್ರ್ಯಾಕೆಟ್ಟೆಲ್ಲ ಎಡಗಡೆಯದೇ. ಮತ್ತೆ ಅಂಟಿಸಿದೆ, ಮತ್ತೆ ಬಿತ್ತು. ಬಲಗಡೆಯದು ಒಂದೂ ಅಲ್ಲಾಡಲಿಲ್ಲ. ಹೊಸ ಲೈಟಿಗೆ ಅಂಟು ಗಟ್ಟಿಯಾಗುತ್ತಿಲ್ಲವೆಂದು ಎಂಥ ಪೆದ್ದನಿಗೂ ತಿಳಿಯಬೇಕು — ಆದರೆ ಅದರ ಬಗ್ಗೆ ನಾನು ಆಗಲೇ ಊರೆಲ್ಲ ಕೊಚ್ಚಿಕೊಂಡಿದ್ದೆ.

"ಗಟ್ಟಿ ಪದಾರ್ಥ ತಿಂತಿದಾಳಮ್ಮ ಇವಳು. ಕೋಡುಬಳೆಯೋ ಏನೋ ಕಡೀತಿದಾಳೆ," ಎಂದೆ ನಿನ್ನ ಅಮ್ಮನಿಗೆ.

"ಇಲ್ಲಮ್ಮ, ದೇವರಾಣೆಗೂ ತಿಂದಿಲ್ಲ!" ಎಂದು ನೀನು ನನ್ನ ಕಡೆ ತಿರುಗಿದೆ — ನಾನು ನಿನ್ನ ಪರವಾಗಿ ಹೇಳುತ್ತೇನೆ ಎಂದು. ಹುಡುಗಿಯ ತಪ್ಪಲ್ಲಮ್ಮ, ಅಷ್ಟು ಅಂದಿದ್ದರೆ ಸಾಕಿತ್ತು. ನಾನು ನಂಬದವನಂತೆ ತಲೆಯಾಡಿಸಿ ನಕ್ಕೆ. ಏಟು ಬಿತ್ತು.

"ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳ್ತೀಯೇನೇ? ಇಂಥೋಳಿಗೆ ಹಲ್ಲು ನೆಟ್ಟಗಾಗಿ ಏನಾಗ್ಬೇಕು! ಕಿತ್ತಾಕ್ಬಿಡಿ ಡಾಕ್ಟ್ರೇ."

ಕಿತ್ತುಹಾಕಿದೆ. ಬಲಗಡೆಯವು ಇಕ್ಕಳಕ್ಕೂ ಜಗ್ಗದೆ ಸತಾಯಿಸಿದವು. ನೀನು ಕಣ್ಣೀರು ಸುರಿಸುತ್ತ ಬಾಯಿ ತೆರೆದುಕೊಂಡೇ ಇದ್ದೆ. ಆಗಲಾದರೂ — ಥೂ, ನನ್ನ ಜನ್ಮಕ್ಕೆ! ಹೆಸರು ಕೆಡುತ್ತದೆಂಬ ಭಯ ಎಂದು ಈಗ ಹೇಳಿದರೆ ಅದೂ ನೆಪವೇ. ಸಭೆಯಲ್ಲಿ ಎರಡೂ ಲೈಟು ಸಮ ಎಂದೆ. ನಿನ್ನ ಬಾಯಿಂದ ಉದುರಿದವನ್ನು ರೋಗಿಯ ಅಜಾಗರೂಕತೆ ಎಂದು ಲೆಕ್ಕದಿಂದ ಕೈಬಿಟ್ಟೆ. ಜನ ಚಪ್ಪಾಳೆ ತಟ್ಟಿದರು, ನಾನು ಹಾರ ಹಾಕಿಸಿಕೊಂಡೆ.

ಒಂದು ಹುಡುಗಿಯ ಹಲ್ಲು ಹಾಗೇ ಉಳಿಯಿತು, ಅಷ್ಟೇ ತಾನೆ — ಇಷ್ಟು ವರ್ಷ ಹೀಗೆಂದುಕೊಂಡೇ ಕಾಲ ಹಾಕಿದೆ.

ಹೋದ ವಾರ ನಿನ್ನ ಅಮ್ಮ ನಿನ್ನ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗುವಿಗೂ ಉಬ್ಬುಹಲ್ಲು. ಅವರಿಗೆ ನನ್ನ ಮೇಲೆ ಈಗಲೂ ಎಲ್ಲಿಲ್ಲದ ನಂಬಿಕೆ.

"ಚೆನ್ನಾಗಿ ಗದರಿಸಿ ಹೇಳಿ ಡಾಕ್ಟ್ರೇ. ಇದು ಅವರಮ್ಮನ ಥರ ಆಗ್ಬಾರ್ದು. ಅವತ್ತಿಂದ ಅವಳು ಏನು ಹೇಳಿದ್ರೂ ನಾನು ನಂಬಿಲ್ಲ, ಈಗ್ಲೂ ನಂಬಲ್ಲ."

ಮಗು ನನ್ನನ್ನೇ ನೋಡುತ್ತಿತ್ತು. ಹೇಳಬಹುದಿತ್ತು. ನಾನು — ಈ ವಯಸ್ಸಿನಲ್ಲೂ — ಹಲ್ಲು ಕಿರಿದೆ.

ಮುಂದಿನ ಸಲ ನೀನೂ ಬಾ, ವೀಣಾ. ಅವರಿಬ್ಬರ ಎದುರಿಗೇ ಹೇಳುತ್ತೇನೆ — ಅವತ್ತು ಸುಳ್ಳು ಹೇಳಿದವನು ನಾನು. ಕ್ಷಮಿಸು ಎನ್ನುವ ಮುಖ ನನಗಿಲ್ಲ. ಹೇಳಿ ಮುಗಿಸಿದ ಮೇಲೆ ನಿನ್ನ ಮಗಳನ್ನು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.