ಮೂಗುಬಟ್ಟಿನ ತಿರುಪು

ಅಂದು ಬೆಳಿಗ್ಗೆಯೂ ಎಂದಿನಂತೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಮಾವನವರು ಒಂದು ಚಹಾ ಮುಗಿಸಿ, ಎರಡನೆಯದಕ್ಕೆ ಕೆಮ್ಮಿ ಸೂಚನೆ ಕೊಟ್ಟಿದ್ದರು. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಬಿಳಿ ಜೋಳದ ಮೇಲೆ ಟಪ್ಪೆಂದು ಒಂದು ಕೆಂಪು ಹನಿ. ಹಿಂದೆಯೇ ಇನ್ನೊಂದು. ವಾರದಿಂದ ಇದೇ ಕತೆ: ಅದೇ ಮೂಗು, ಅದೇ ಎಡ ಹೊಳ್ಳೆ.

"ಉಷ್ಣ ಆಗ್ಯಾದ," ಎಂದರು ಮಾವನವರು, ಪೇಪರಿನಿಂದ ತಲೆ ಎತ್ತದೆ. "ತಲಿ ಹಿಂದಕ್ಕ ಮಾಡು."

ಈ ಉಷ್ಣ ಎಂಬುದೊಂದು ಇರದಿದ್ದರೆ ನಮ್ಮ ಮನೆಯಲ್ಲಿ ಯಾವ ರೋಗಕ್ಕೂ ಹೆಸರೇ ಇರುತ್ತಿರಲಿಲ್ಲ. ಬೀದರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಕಲಿಸಿದ್ದೇ ಬೇರೆ: ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗ ಒತ್ತಿ ಹಿಡಿದು, ಬಾಯಿಂದ ಉಸಿರಾಡಬೇಕು, ನಡುವೆ ಕೈ ಬಿಡಬಾರದು. ನಾನು ಅತ್ತೆಯ ತಲೆ ಮುಂದಕ್ಕೆ ತಂದರೆ ಮಾವನವರು ಹಿಂದಕ್ಕೆ ಅನ್ನುತ್ತಿದ್ದರು. ಸಾಲದ್ದಕ್ಕೆ ಔರಾದಿನಲ್ಲಿರುವ ಮಗಳಿಗೂ ಫೋನ್ ಹಚ್ಚಿದರು.

"ವೈನೀ, ಉಳ್ಳಾಗಡ್ಡಿ ಒಡದು ಮೂಸಸ್ರಿ," ಎಂದಳು ನಾದಿನಿ.

ಅತ್ತೆ ಎಲ್ಲರ ಮಾತೂ ಕೇಳುವವರು. ಮೂಗು ಬಿಟ್ಟು ಉಳ್ಳಾಗಡ್ಡಿಗೆ ಕೈ ಚಾಚಿದರು. ಮತ್ತೆ ರಕ್ತ. ನಾನು ಒತ್ತಲು ಹೋದರೆ "ಅಯ್ಯ, ಚುಚ್ಚತದ!" ಎಂದು ಕೈ ತಳ್ಳಿದರು. ಅತ್ತ ಹಂಚಿನ ಮೇಲೆ ರೊಟ್ಟಿ ಸೀದು ಹೋಯಿತು.

ಆಟೋ ಹಿಡಿದು ಭಾಲ್ಕಿ ಸ್ಟೇಷನ್ ಕಡೆಯ ಕಿವಿ-ಮೂಗಿನ ಡಾಕ್ಟರರ ಹತ್ತಿರ ಹೋದೆವು. ಅವರು ಬಿಪಿ ನೋಡಿದರು. ರಕ್ತ ತೆಳುವಾಗುವ ಗುಳಿಗೆ ಏನಾದರೂ ನಡೆದಿದೆಯೇ ಎಂದು ಕೇಳಿದರು. ಎರಡರಲ್ಲೂ ಏನೂ ಸಿಗಲಿಲ್ಲ. ಆಮೇಲೆ ಹೊಳ್ಳೆಯೊಳಗೆ ಬೆಳಕು ಬಿಟ್ಟು, ನನ್ನನ್ನೂ ಕರೆದು ತೋರಿಸಿದರು. ಮೂಗುಬಟ್ಟಿನ ತಿರುಪು ಒಳಗೆ ಸವೆದು ಚೂಪಾಗಿ, ಮೂಗಿನ ನಡುಗೋಡೆಯನ್ನು ಗೀರಿ ಹಕ್ಕಳೆ ಎಬ್ಬಿಸಿತ್ತು. ಬೇಸಿಗೆಯ ಒಣಗಾಳಿಗೆ ಹಕ್ಕಳೆ ಕಿತ್ತಾಗಲೆಲ್ಲ ರಕ್ತ.

"ಆಯಿ, ಇದು ತೆಗೀಬೇಕ್ರಿ. ಮುಲಾಮು ಹಚ್ಚರಿ, ಗಾಯ ಮಾಯೂತನಕ ಹಾಕಬ್ಯಾಡ್ರಿ. ಇಲ್ಲಂದ್ರ ಮುಂದ ಆ ಜಾಗ ಸುಡಬೇಕಾಗ್ತದ."

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಸುಟ್ರ ಸುಡ್ರಿ. ಇವರು ಇರೂತನಕ ತೆಗಿಯಂಗಿಲ್ಲ. ಲಗ್ನದಾಗ ಹಾಕಿದ್ದು."

"ನಾ ಬಿಪಿ ಗುಳಿಗಿ ಮ್ಯಾಲ ಬದಕೀನಿ ಅಂತ ತಿಳಕೊಂಡಿದ್ದೆ," ಎಂದರು ಪಕ್ಕದಲ್ಲಿದ್ದ ಮಾವನವರು. "ಇಷ್ಟ ದಿನ ಈ ತಿರುಪಿನ ಮ್ಯಾಲ ಬದಕೀನೇನು? ತಗೀ ಸುಮ್ಮ!"

ಡಾಕ್ಟರರು ನಕ್ಕರು. ಅತ್ತೆ ನಗಲಿಲ್ಲ. ನಾನು ಬೇಡಿಕೊಂಡೆ, ಗದರಿದೆ, ಮತ್ತೆ ಬೇಡಿಕೊಂಡೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಮುಖ ಒಡ್ಡಿದರು.

ಮನೆಗೆ ಬಂದು ಮೂಗುಬಟ್ಟನ್ನು ಕುಂಕುಮದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕುಳಿತರು. ಮಾವನವರು ಚಹಾಕ್ಕೆ ಕೆಮ್ಮಿದರೂ ಸಾಕು, ಬೆರಳು ಡಬ್ಬಿಯ ಮುಚ್ಚಳಕ್ಕೆ ಹೋಗುತ್ತಿತ್ತು. "ಅದು ಚಹಾದ ಕೆಮ್ಮು, ಅತ್ತಿ," ಎಂದು ಹೇಳಿ ಹೇಳಿ ನನ್ನ ಬಾಯಿ ನೊಂದಿತು. ಆದರೂ ಸಂಜೆಯವರೆಗೆ ಒಂದು ಹನಿ ರಕ್ತ ಬರಲಿಲ್ಲ. ಮಾವನವರು ಅಂಗಳದ ಹೊರಸಿನ ಮೇಲೆ ಮುಖಕ್ಕೆ ಪೇಪರ್ ಮುಚ್ಚಿಕೊಂಡು ಮಲಗಿದ್ದರು. ಅತ್ತೆ ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟು ಬಂದರು. ನಾನು ನಿಟ್ಟುಸಿರು ಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಬಟ್ಟಲು ನನ್ನ ಕೈಗೆ ಕೊಡುತ್ತ ಅತ್ತೆಯ ಬರಿಮೂಗು ನೋಡಿದಳು, ಹೊರಸಿನ ಕಡೆ ನೋಡಿದಳು.

"ಕಾಕಾ ಆರಾಮ್ ಅದಾರಲ್ರಿ, ಕಾಕು?"