ಬಿದರಿ ತಟ್ಟೆಯ ಜಾಯ್‌ಸ್ಟಿಕ್

ಬೆಸುಗೆಗೆಂದು ತಂದಿದ್ದ ರಾಳದ ಡಬ್ಬಿಯಲ್ಲಿ ಕಾದ ಬೆಸುಗೆ ಕಡ್ಡಿಯನ್ನು ಅದ್ದಿದೊಡನೆ ಎದ್ದ ಹೊಗೆ ನನ್ನನ್ನು ಬೀದರಿನ ಒಂದು ಹಳೆಯ ಓಣಿಗೆ ಒಯ್ದು ನಿಲ್ಲಿಸಿತು. ಔರಾದಿನ ಹೆಣ್ಣುಮಕ್ಕಳ ವಸತಿನಿಲಯಕ್ಕೆ ನಾಳೆ ಕೊಂಡೊಯ್ಯಲು, ಹಳೆಯ ವಿಡಿಯೊ ಗೇಮುಗಳನ್ನು ಆಡುವ ಎರಡು ಜಾಯ್‌ಸ್ಟಿಕ್‌ಗಳ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಕಟ್ಟುತ್ತಿದ್ದೆ. ಆ ಓಣಿಯ ಅಂಗಳದಲ್ಲಿಯೂ ರಾಳ ಕರಗುತ್ತಿತ್ತು. ಬಿದರಿ ಪಾತ್ರೆಗಳ ಅಚ್ಚಿನ ಮಣ್ಣಿಗೆ ಹರಳೆಣ್ಣೆಯೊಂದಿಗೆ ಅದನ್ನು ಬೆರೆಸುತ್ತಿದ್ದವರು ನಮ್ಮ ಎದುರು ಮನೆಯ ಚಿಕ್ಕಮ್ಮ, ಓಣಿಯವರ ಬಾಯಲ್ಲಿ ಕಾಕು...

ಮಹಿಳಾ ಸಂಘಟನೆಯ ಕೆಲಸಕ್ಕೆಂದು ನಾನು ಆಗಷ್ಟೇ ಬೀದರಿಗೆ ಬಂದು ಅಲ್ಲಿ ಬಾಡಿಗೆಗಿದ್ದೆ. ಆ ಮನೆಯಿಂದ ಮಾರಾಟಕ್ಕೆ ಹೋಗುವ ಹೂಜಿ, ತಟ್ಟೆಗಳ ಮೇಲೆ ಬೆಳ್ಳಿಯ ತಂತಿಯನ್ನು ಕೂರಿಸುತ್ತಿದ್ದುದು ಕಾಕು ಅವರ ಕೈ. ಪ್ರಶಸ್ತಿಪತ್ರದಲ್ಲಿ ಇರುತ್ತಿದ್ದುದು ಅವರ ಗಂಡನ ಹೆಸರು. ಅದನ್ನು ಎಲ್ಲರೂ ಪದ್ಧತಿ ಎನ್ನುತ್ತಿದ್ದರು. ನಾನು ಕಳವು ಎನ್ನುತ್ತಿದ್ದೆ, ಇಂದಿಗೂ ಹಾಗೆಯೇ ಎನ್ನುತ್ತೇನೆ. ವರ್ಷಗಟ್ಟಲೆ ಉಳಿ ಹಿಡಿದು ಅವರ ಬಲಗೈ ಹೆಬ್ಬೆರಳು ಸೆಟೆದುಹೋಗಿತ್ತು.

ಒಂದು ಮಧ್ಯಾಹ್ನ ನನ್ನ ಕಂಪ್ಯೂಟರಿನಲ್ಲಿ ಹಳೆಯ ವಿಮಾನದ ಆಟವೊಂದು ಓಡುತ್ತಿರುವುದನ್ನು ಕಂಡು ಕಾಕು ಬಾಗಿಲಲ್ಲೇ ನಿಂತುಬಿಟ್ಟರು.

"ತಂಗಿ, ಇದ ನೋಡ್ ಅದು! ನಮ್ಮ ಭಾಲ್ಕಿ ವಿಮಾನ!"

ಮದುವೆಯಾದ ಹೊಸತರಲ್ಲಿ ಅವರು ಭಾಲ್ಕಿಯ ಕೂಡುಕುಟುಂಬದಲ್ಲಿದ್ದರು. ಬಸ್ ನಿಲ್ದಾಣದ ಬಳಿ ಮೈದುನನದೊಂದು ವಿಡಿಯೊ ಗೇಮ್ ಅಂಗಡಿ ಇತ್ತು. ಪ್ರತಿ ಬೆಳಿಗ್ಗೆ ಅದರ ಕಸ ಗುಡಿಸಿ, ಗಾಜು ಒರೆಸುವುದು ಸೊಸೆಯ ಪಾಲಿನ ಕೆಲಸ. ಜಾಯ್‌ಸ್ಟಿಕ್ ಮುಟ್ಟುವುದು ಮಾತ್ರ ಮರ್ಯಾದಸ್ಥ ಮನೆತನದ ಹೆಂಗಸರಿಗೆ ಸಲ್ಲದು! ಒಮ್ಮೆ ಮುಟ್ಟಿದಾಗ ಮೈದುನ ಪ್ಲಗ್ಗನ್ನೇ ಕಿತ್ತು ನಗಾಡಿದ್ದನಂತೆ. ದುಡಿಮೆಗೆ ತೆರೆದಿದ್ದ ಬಾಗಿಲು ಆಟಕ್ಕೆ ಮುಚ್ಚಿತ್ತು. ಹೆಣ್ಣಿನ ವಿರಾಮವನ್ನು ಕಸಿಯುವುದೂ ಶೋಷಣೆಯೇ ಎಂದು ನಾನು ಭಾಷಣ ಆರಂಭಿಸಿದೆ. ಕಾಕು ತಡೆದರು.

"ಭಾಷಣ ಆಮ್ಯಾಲ ಮಾಡುವಂತಿ. ಮೊದಲ ನನಗ ಆಡ್ಲಿಕ್ಕಿ ಕೊಡು."

ಕೀಬೋರ್ಡಿನ ಸಣ್ಣ ಗುಂಡಿಗಳು ಆ ಸೆಟೆದ ಹೆಬ್ಬೆರಳಿಗೆ ಒಗ್ಗಲಿಲ್ಲ. ಅವರಿಗೆ ಬೇಕಿದ್ದುದು ಅಂಗೈ ತುಂಬ ಹಿಡಿಯುವ ಆ ಹಳೆಯ ಜಾಯ್‌ಸ್ಟಿಕ್, ಅಂಗೈಯಿಂದಲೇ ಗುದ್ದಬಹುದಾದ ದೊಡ್ಡ ಗುಂಡಿಗಳು. ಹಾಗಾದರೆ ನಾವೇ ಕಟ್ಟೋಣ ಎಂದೆ. ಆ ದಿನಗಳ ಸಂಭ್ರಮವನ್ನು ಹೇಗೆ ಹೇಳಲಿ! ಗುಜರಿ ಅಂಗಡಿಯಲ್ಲಿ ಒಡೆದ ಯಂತ್ರವೊಂದರ ಹೊಟ್ಟೆಯೊಳಗೆ ಜಾಯ್‌ಸ್ಟಿಕ್ಕೂ ಗುಂಡಿಗಳೂ ಸಿಕ್ಕಾಗ ನಾವಿಬ್ಬರೂ ರಸ್ತೆಯಲ್ಲೇ ಕುಣಿಯುವುದೊಂದು ಬಾಕಿ. ಹಾಳಾದ ಕೀಬೋರ್ಡನ್ನು ಬಿಚ್ಚಿ, ಅದರೊಳಗಿನ ಸರ್ಕ್ಯೂಟಿಗೆ ಒಂದೊಂದೇ ತಂತಿಯನ್ನು ಬೆಸೆದೆವು. ಜಾಯ್‌ಸ್ಟಿಕ್ಕನ್ನು ಎಡಕ್ಕೆ ಬಾಗಿಸಿದೊಡನೆ ಪರದೆಯ ಮೇಲಿನ ವಿಮಾನವೂ ಎಡಕ್ಕೆ ಸರಿದಾಗ ಕಾಕು ಕಿರುಚಿದ್ದಕ್ಕೆ ಓಣಿಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದಿದ್ದರು.

ಮೇಲ್ಹೊದಿಕೆಗೆ ಪ್ಲೈವುಡ್ ಸಾಕೆಂದೆ. ಕಾಕು ಸಿಡುಕಿದರು. "ಕಟ್ಟಿಗಿ ಡಬ್ಬಿ ಯಾರ್ ಬೇಕಾದ್ರೂ ಮಾಡ್ತಾರ. ನಾವು ಬೀದರಿನವ್ರು ಇದ್ದೇವಿ!" ತಾವೇ ಎರಕ ಹೊಯ್ದ ಸತುವಿನ ತಟ್ಟೆಗೆ ತೂತುಗಳನ್ನು ಕೊರೆದರು, ಅವುಗಳ ಸುತ್ತ ಬೆಳ್ಳಿಯ ಬಳ್ಳಿ ಹಬ್ಬಿಸಿದರು, ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕುದಿಸಿ ಕಪ್ಪು ಬರಿಸಿದರು. ಗಂಡನ ಹೆಸರಿಗೆ ಹೋಗದ ಅವರ ಮೊದಲ ಕೆಲಸ ಅದಾಗಿತ್ತು.

ಬಳಿಕ ಕಾಕು ಭಾಲ್ಕಿಗೆ ಹೇಳಿಕಳಿಸಿದರು: ಆಟಕ್ಕೆ ಬನ್ನಿ. ಮೈದುನ ನಗುತ್ತಲೇ ಬಂದ. ನಾವು ಅವಸರದಲ್ಲಿ ಗುಂಡಿಗಳನ್ನು ತಟ್ಟೆಗೆ ಕೂರಿಸಿ ಕಂಪ್ಯೂಟರ್ ಹಚ್ಚಿದೆವು. ಕಾಕು ಇನ್ನೂ ಕೈಯಿಟ್ಟಿರಲಿಲ್ಲ. ವಿಮಾನ ತಾನಾಗಿಯೇ ಗುಂಡು ಹಾರಿಸುತ್ತ ಪರದೆಯ ಮೂಲೆಗೆ ಹೋಗಿ ಬಡಿದುಕೊಳ್ಳತೊಡಗಿತು.

"ವೈನಿ, ನಿಮ್ಮ ವಿಮಾನಕ್ಕ ದೆವ್ವ ಬಡದದರಿ! ಕಸಬರಗಿ ತರ್ಲೇನು?" ಎಂದು ಮೈದುನ ತೊಡೆ ತಟ್ಟಿಕೊಂಡು ನಕ್ಕ.

ಕಾಕು ಅವರ ಮುಖ ಕಂದಿತು. ಇನ್ನೊಮ್ಮೆ ಪ್ಲಗ್ ಕಿತ್ತಂತಾಗಿತ್ತು ಅವರಿಗೆ. ಏನೂ ತೋಚದೆ ಅವರು ತಟ್ಟೆಯನ್ನು ಮೇಲೆತ್ತಿದರು. ವಿಮಾನ ಗಕ್ಕನೆ ನಿಂತಿತು. ಕೆಳಗಿಟ್ಟರು, ಮತ್ತೆ ಬಡಿದಾಟ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ತಟ್ಟೆ ಲೋಹದ್ದು! ಮೇಜಿನ ಮೇಲಿಟ್ಟಾಗ ತಳದ ಬೆತ್ತಲೆ ಬೆಸುಗೆಗಳೆಲ್ಲ ಅದಕ್ಕೆ ಒತ್ತಿ ತಗುಲಿ, ಎಲ್ಲ ಗುಂಡಿಗಳನ್ನೂ ಒಮ್ಮೆಗೇ ಒತ್ತಿದಂತಾಗಿತ್ತು. ಬೀದರಿನ ಅಭಿಮಾನವೇ ನಮ್ಮನ್ನು ಕೆಡಿಸಿತ್ತು. ನಾನು ಸೈಕಲ್ ಟ್ಯೂಬ್ ಕತ್ತರಿಸಿ ಕೊಟ್ಟೆ, ಕಾಕು ಅದನ್ನು ತಟ್ಟೆಯ ತಳಕ್ಕೆ ಅಂಟಿಸಿದರು.

ಆಮೇಲೆ ಆಡಿದರು ನೋಡಿ! ಎಡಗೈಯಲ್ಲಿ ಜಾಯ್‌ಸ್ಟಿಕ್, ಬಲ ಅಂಗೈಯಿಂದ ಗುಂಡಿಗೆ ಗುದ್ದು, ಸೆರಗು ಸೊಂಟಕ್ಕೆ. ಮೊದಲ ಆಟ ಸೋತರು, ಎರಡನೆಯದನ್ನೂ ಸೋತರು, ಆದರೆ ಕುರ್ಚಿ ಬಿಡಲಿಲ್ಲ.

"ವೈನಿ, ನನ್ನ ಪಾಳಿ ಯಾವಾಗರಿ?" ಮೈದುನ ಕೇಳಿದ.

"ಭಾವುಜಿ, ನಾ ಭಾಳ ವರ್ಷ ನಿಂತೇನಿ. ಈಗ ನೀವ್ ಜರಾ ನಿಂದರ್ರಿ."

ಮೈದುನ ನಿಂತೇ ಇದ್ದ. ಸಂಜೆಯ ಬಸ್ಸೂ ತಪ್ಪಿತು.

ಕಾಕು ಈಗಿಲ್ಲ. ಅವರು ತೀರಿಕೊಂಡ ಮೇಲೆ ಮನೆಯವರು ಜಾಯ್‌ಸ್ಟಿಕ್ಕನ್ನು ಬಿಚ್ಚಿ ಎಸೆದು, ಆ ಕಪ್ಪು ತಟ್ಟೆಯನ್ನು ತೂತುಗಳಲ್ಲಿ ಎಣ್ಣೆ ದೀಪಗಳನ್ನಿಡುವ ತಟ್ಟೆಯೆಂದು, ಅವರ ಗಂಡನ ಹೆಸರಿನಲ್ಲೇ ಮಾರಿಬಿಟ್ಟರು. ಈಗ ಯಾರ ಮನೆಯಲ್ಲಿದೆಯೋ... ಆ ಅನ್ಯಾಯವನ್ನು ಸರಿಪಡಿಸಲು ನನಗೆ ಆಗಿಲ್ಲ.

ಇಂದು ಹೊಸ ಪೆಟ್ಟಿಗೆಯನ್ನು ಪರೀಕ್ಷಿಸಲು ಅದೇ ಆಟ ತೆರೆದೆ. ಆಡುವವರು ಒಬ್ಬರೋ ಇಬ್ಬರೋ ಎಂದು ಪರದೆ ಕೇಳಿತು. ಇಬ್ಬರು ಎಂದು ಒತ್ತಿದೆ. ನನ್ನ ವಿಮಾನ ಹಾರಿತು. ಆಡುವವರಿಲ್ಲದ ಪಕ್ಕದ ವಿಮಾನ ನಿಂತಲ್ಲೇ ನಿಂತು ಗುಂಡು ತಿಂದು ಒಡೆಯಿತು. ನಾಳೆ ಔರಾದಿನಲ್ಲಿ ಅದನ್ನು ಹಾರಿಸಲು ಹುಡುಗಿಯರು ಜಗಳವಾಡುತ್ತಾರೆ.