ಸಾಬರ ಸಹಿಯ ಮೇಲೆ ಅರಿಶಿನ

ನಿನ್ನೆಯಿಂದ ನನ್ನ ಬಲಗೈ ಹೆಬ್ಬೆರಳು ಹಳದಿ. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ. ಮಗಳ ಮದುವೆ ಸ್ವಾಮಿ. ಲಗ್ನಪತ್ರಿಕೆಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊರಗೆ ಕೆನಡಾದ ಮೊಣಕಾಲುದ್ದ ಹಿಮ, ಅಡುಗೆಮನೆಯಲ್ಲಿ ನಮ್ಮೂರು ಮಾಸ್ತಿಯ ಮನೆಯ ವಾಸನೆ. ಎದುರಿಗೆ ಅಮ್ಮ ಕೂತು ತಪ್ಪು ಹುಡುಕುತ್ತಿದ್ದಾಳೆ. ಇದೇ ಅರಿಶಿನಕ್ಕೆ ನಾನೊಮ್ಮೆ ಎಷ್ಟು ಉರಿದುಬಿದ್ದಿದ್ದೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಾಲೂರಿನ ಬಾಷಾ ಸಾಬರ ಶೆಡ್ಡಿನಲ್ಲಿ ನಾನು ವೆಲ್ಡರ್. ಟ್ರ್ಯಾಕ್ಟರುಗಳಿಗೆ ಟ್ರೇಲರ್ ಕಟ್ಟುತ್ತಿದ್ದೆವು. ಕೆನಡಾದ ಒಂದು ಪ್ರಾಂತ್ಯಕ್ಕೆ ವೆಲ್ಡರುಗಳು ಬೇಕಂತೆ, ಪ್ರಾಂತ್ಯದವರೇ ನಮ್ಮ ಹೆಸರು ಸೂಚಿಸಿದರೆ ಸಂಸಾರ ಸಮೇತ ಅಲ್ಲೇ ಕಾಯಂ ಆಗಿ ನೆಲೆಸಬಹುದಂತೆ ಎಂಬ ಸುದ್ದಿ ನನ್ನ ತಲೆ ಕೆಡಿಸಿತು. ಇಂಗ್ಲಿಷ್ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಹೇಗೋ ದಾಟಿದೆ. ಉಳಿದದ್ದು ಒಂದೇ ಕಾಗದ. ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದಾನೆ ಎಂದು ಸಾಬರು ಬರೆದುಕೊಡಬೇಕು. ಅದಿಲ್ಲದಿದ್ದರೆ ಏನೂ ಇಲ್ಲ.

ನಾನು ಕೇಳಿದ ಮೇಲೆ ಸಾಬರು ಎಂಟು ದಿನ ಆ ಮಾತೇ ಎತ್ತಲಿಲ್ಲ. ಒಂಬತ್ತನೆಯ ದಿನ ಟೈಪು ಮಾಡಿಸಿ ತಂದು, ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಸಹಿ ಹಾಕಿದರು.

"ಹೋಗು ಕಣ್ಲಾ. ನಿನ್ನಂಥೋನು ನಂಗೆ ಇನ್ನೊಬ್ಬ ಸಿಗಲ್ಲ," ಎಂದು ಬೇರೆ ಕಡೆ ನೋಡಿದರು.

ಕಾಗದಗಳನ್ನೆಲ್ಲ ಒಂದು ರಾತ್ರಿ ದೇವರ ಮುಂದಿಟ್ಟು, ಬೆಳಿಗ್ಗೆ ರಾಹುಕಾಲ ಬರುವ ಮೊದಲು ಅವಸರದಲ್ಲಿ ಕವರಿಗೆ ತುಂಬಿ ಅಂಚೆಗೆ ಹಾಕಿದೆ. ತೆರೆದು ನೋಡಲಿಲ್ಲ, ಅದು ನನ್ನ ಜಾಣತನ. ಮೂರು ತಿಂಗಳಿಗೆ ಅಲ್ಲಿಂದ ಪತ್ರ ಬಂತು: ಅನುಭವಪತ್ರದ ಮೇಲೆ ಹಳದಿ ಕಲೆಯಿದೆ, ಸಹಿ ಕಾಣುತ್ತಿಲ್ಲ, ಮೂವತ್ತು ದಿನದೊಳಗೆ ಹೊಸದು ಬರದಿದ್ದರೆ ಅರ್ಜಿ ಮುಗಿಯಿತು.

"ಅಮ್ಮಾ, ಅದಕ್ಕೇನು ಹಚ್ಚಿದೆ?"

"ಶುಭಕಾರ್ಯದ ಕಾಗ್ದ ಬೋಳಾಗಿ ಹೋಗ್ಬಾರ್ದು ಕಣಪ್ಪ. ಮೂಲೆಗೊಂಚೂರು ಅರಿಶಿನ ಇಟ್ಟೆ. ನೀರು ಜಾಸ್ತಿ ಆಗೋಯ್ತೇನೋ."

ನಾನಾಡಿದ ಮಾತು ಬರೆಯುವಂಥದ್ದಲ್ಲ. ಸಿಟ್ಟಿಗೆ ಊಟ ಬಿಟ್ಟೆ. ಸಂಜೆ ಹಸಿವು ತಡೆಯದೆ ಎರಡು ಮುದ್ದೆ ನುಂಗಿದೆ.

ಮರುದಿನ ಮಾಲೂರಿನ ಬಸ್ಸಿಗೆ ಅಮ್ಮನೂ ಹತ್ತಿದಳು. ತಪ್ಪು ನನ್ನದು, ನಾನೇ ಕೇಳುತ್ತೇನೆ ಎಂದು ಹಟ. ಸಾಬರು ಪತ್ರದ ವಿಷಯ ಕೇಳಿ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

"ಒಂದ್ಸಲ ನಿನ್ನ ಕಳ್ಸೋಕೇ ಎಂಟು ದಿನ ಬೇಕಾಯ್ತು ನಂಗೆ. ಎರಡ್ಸಲ ಕಳ್ಸಬೇಕಾ?"

ಬೇಡ ಎಂದಿದ್ದರೆ ನಾನು ಮಾಡುವಂಥದ್ದೇನೂ ಇರಲಿಲ್ಲ. ಅವರು ಟೈಪಿಗೆ ಆಳು ಕಳಿಸಿ, ಮಧ್ಯಾಹ್ನದೊಳಗೆ ದಪ್ಪಗೆ ಸಹಿ ಹಾಕಿ ಅಮ್ಮನ ಕಡೆ ತಿರುಗಿದರು.

"ಅರಿಶಿನ ಇಡಿ ಅಮ್ಮಾ, ಇಡದೆ ಕಳಿಸ್ಬೇಡಿ. ಕವರ್ ಮೇಲಿಡಿ. ಕವರ್‌ನ ಅವ್ರು ಹೆಂಗೂ ಹರಿದು ಬಿಸಾಕ್ತಾರೆ."

ಅಮ್ಮ ಸೊಂಟದಿಂದ ಪೊಟ್ಟಣ ತೆಗೆದು ಅಲ್ಲೇ ಕವರಿಗೆ ಹಚ್ಚಿದಳು. ಅರಿಶಿನ ತಂದೇ ಬಂದಿದ್ದಳು ಮಹಾತಾಯಿ! ಆರು ವಾರಕ್ಕೆ ಪ್ರಾಂತ್ಯ ನನ್ನ ಹೆಸರು ಸೂಚಿಸಿತು. ಶೆಡ್ಡಿನವರಿಗೆಲ್ಲ ಸಾಬರೇ ಬಿರಿಯಾನಿ ಹಾಕಿಸಿದರು. ಅಷ್ಟು ಖುಷಿಯಾಗಿ ನಾನೆಂದೂ ಅತ್ತಿರಲಿಲ್ಲ.

ಈಗ ಒಂದೇ ಪತ್ರಿಕೆ ಉಳಿದಿದೆ, ಸಾಬರದು. ನಾಲ್ಕು ಮೂಲೆಗೂ ಹಚ್ಚಿ, ಬೆರಳನ್ನು ಹಾಗೇ ಎಳೆದು ಕೆಳಗಿದ್ದ ನನ್ನ ಹೆಸರಿನ ಮೇಲೂ ಬಳಿದೆ.

"ಅಯ್ಯೋ, ಸಾಬ್ರಿಗೆ ಓದೋಕಾಗಲ್ಲ ಕಣೋ," ಎಂದಳು ಅಮ್ಮ.

ಆಗದಿರಲಿ. ಫೋನು ಮಾಡಿ, ಇನ್ನೊಂದು ಕಳ್ಸು ಕಣ್ಲಾ ಎಂದು ಬೈಯಲಿ. ಆ ಇನ್ನೊಂದನ್ನು ಅಂಚೆಗೆ ಹಾಕುವುದಿಲ್ಲ; ಮಾಲೂರಿಗೆ ಹೋಗಿ ಕೈಗೇ ಕೊಡುತ್ತೇನೆ. ನನಗೂ ಅಮ್ಮನಿಗೂ ಟಿಕೆಟ್ ಆಗಿದೆ.